ಕಾರು ನಾ ಹೊಡೀತೀನಿ, ತಾರೀಖು ಇವರದು

ನಮ್ಮ ಅಣ್ಣನ ಮಗಳು ಈ ವರ್ಷ ಮದುವಿ ಆಗಿ ಗಂಡನ ಕೂಡ ಕ್ಯಾಲಿಫೋರ್ನಿಯಾಕ್ಕ ಬರೂಕಿ ಇದ್ದಾಳ. ವೈನಿ ಫೋನ್ ಮಾಡಿದಾಗೊಮ್ಮೆ "ಏನೇನು ಕಟ್ಟಿ ಕಳಸ್ಲಿ?" ಅಂತ ಕೇಳ್ತಾರ. ಶೇಂಗಾ ಚಟ್ನಿ, ಮಸಾಲಿ ಖಾರ, ಲಟ್ಟಣಿಗಿ, ಮಣಿ ಎಲ್ಲಾ ಯಾದಿ ಮಾಡಿ ಆಗೇದ. ನಾ ಅಂದೆ, "ವೈನಿ, ಅವೆಲ್ಲಾ ಇಲ್ಲೂ ಸಿಗ್ತಾವ. ಇಲ್ಲಿಗೆ ಬಂದ ಮ್ಯಾಲ ಲಗೂನ ಕಾರ್ ಲೈಸೆನ್ಸ್ ತಗೋಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಬಾ ಅಂತ ಆಕಿಗೆ ಹೇಳ್ರಿ." ವೈನಿ ನಕ್ಕು, "ಅಳಿಯಂದ್ರ ಕಡೆ ಕಾರ್ ಅದ ಅಲ್ಲ, ಇಕಿಗ್ಯಾಕ?" ಅಂದ್ರು.

ಆ "ಇಕಿಗ್ಯಾಕ" ಅನ್ನೂದಕ್ಕ ಉತ್ತರ ಫೋನಿನಾಗ ಹೇಳಿ ಮುಗಿಯೂದಲ್ಲ. ಅದಕ್ಕ ಕೂತು ಬರೀಲಿಕ್ಕೆ ಹತ್ತೀನಿ. ನಿಮ್ಮ ಮನಿಯಿಂದನೂ ಯಾರರ ಮಗಳು, ಸೊಸಿ ಇತ್ತ ಕಡೆ ಬರೂಹಂಗ ಇದ್ರ ಅವರಿಗೂ ಓದಿ ಹೇಳ್ರಿ.

ನಾವು ಇಲ್ಲಿಗೆ ಬಂದದ್ದು 2013ರ ನವೆಂಬರದಾಗ. ಇವರಿಗೆ ಎಚ್-1ಬಿ ವೀಸಾ, ನನಗ ಮತ್ತ ಆರು ವರ್ಷದ ಮಗಳಿಗೆ ಎಚ್-4. ಎಚ್-4 ಅಂದ್ರ ನೌಕರಿಗೆ ಬಂದವರ ಹೆಂಡತಿ-ಮಕ್ಕಳ ವೀಸಾ. ಇರಬಹುದು, ಓದಬಹುದು, ಆದ್ರ ದುಡಿಯೂ ಹಂಗಿಲ್ಲ. 2015ರಿಂದ, ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದವರ ಹೆಂಡತಿಗೆ ಅಥವಾ ಗಂಡಗ ಕೆಲಸದ ಪರವಾನಗಿ ಕೊಡ್ಲಿಕ್ಕೆ ಶುರು ಮಾಡ್ಯಾರ, ಆದ್ರ ನನ್ನ ಪಿ.ಯು.ಸಿ. ತಗೊಂಡು ನಾ ಯಾವ ಆಫೀಸಿಗೆ ಹೋಗಲಿ? ಮನಿ, ಮಗಳು, ಅಡಗಿ. ಅದ ನನ್ನ ಕೆಲಸ, ಅದರ ಬಗ್ಗೆ ನನಗೇನು ಬ್ಯಾಸರ ಇಲ್ಲ.

ಬ್ಯಾಸರ ಆದದ್ದು ಬ್ಯಾರೆ. ಧಾರವಾಡದಾಗ ನನಗ ಒಂದು ಸ್ಕೂಟಿ ಇತ್ತು. ಸಪ್ತಾಪುರದಿಂದ ಹೊಂಟ್ರ ಲೈನ್ ಬಜಾರದಾಗ ಕೆಲಸ ಮುಗಿಸಿ, ಮಾರ್ಕೆಟ್ಟಿನಾಗ ಕಾಯಿಪಲ್ಲೆ ತಗೊಂಡು, ದಾರ್ಯಾಗ ಅವ್ವನ ಮನಿಗೆ ಹೋಗಿ ಚಾ ಕುಡದು ಬರ್ತಿದ್ದೆ. ಸ್ಯಾನ್ ಹೋಸೆಗೆ ಬಂದ ಮ್ಯಾಲ ಒಂದು ಕೊತಂಬರಿ ಸಿವುಡು ಬೇಕಾದ್ರೂ ಇವರು ಆಫೀಸಿನಿಂದ ಬರೂದನ್ನ ಕಾಯಬೇಕು. ನಮ್ಮ ಕಿರಾಣಿ ಅಂಗಡಿ ನಾಕು ಮೈಲು ದೂರ. ಬಸ್ಸು ಅದ, ಇಲ್ಲ ಅಂತಲ್ಲ. ಆದ್ರ ಎರಡು ಬಸ್ಸು ಬದಲಿ ಮಾಡಿ ಹೋಗಿ ಬರೂದ್ರಾಗ ಅರ್ಧ ದಿನ ಹೋಗ್ತದ, ಅಷ್ಟೊತ್ತಿಗೆ ಮಗಳ ಶಾಲಿ ಬಿಡ್ತದ. ಬಂದ ಮೊದಲನೇ ನಾಕು ತಿಂಗಳು ನಾನು ಕಿಡಕಿಯಿಂದ ಕಾರು ಎಣಿಸಿದ್ದ ಹೆಚ್ಚು. ಎದುರಿನ ಮನಿ ಅಜ್ಜಿ, ಎಪ್ಪತ್ತು ದಾಟಿದಾಕಿ, ತಾನ ಕಾರ್ ಹೊಡಕೊಂಡು ಹೋಗಿ ಸಾಮಾನು ತರ್ತಿದ್ಲು. ಅದನ್ನ ನೋಡಿ ನೋಡಿ ಒಂದಿನ ಇವರಿಗೆ ಹೇಳಿದೆ, "ನಾ ಲೈಸೆನ್ಸ್ ತಗೊಳ್ಳೂಕಿನ."

ಇಲ್ಲಿ ಆರ್.ಟಿ.ಓ. ಅಂತ ಇರೂದಿಲ್ಲ, ಡಿ.ಎಮ್.ವಿ. ಅಂತಾರ. ಒಂದೊಂದು ರಾಜ್ಯಕ್ಕ ಒಂದೊಂದು ನಿಯಮ, ನಾ ಹೇಳೂದು ಕ್ಯಾಲಿಫೋರ್ನಿಯಾದ್ದು ಅಷ್ಟ. ಮಗಳ ಬಾಣಂತನಕ್ಕ ಅಂತ ವಿಸಿಟರ್ ವೀಸಾದ ಮ್ಯಾಲ ಬಂದವರು ನಮ್ಮ ದೇಶದ ಲೈಸೆನ್ಸಿನ ಮ್ಯಾಲನ ಕಾರ್ ಹೊಡೀಬಹುದು. ಆದ್ರ ಇಲ್ಲೇ ಮನಿ ಹೂಡಿ ಇರ್ಲಿಕ್ಕೆ ಬಂದವರು ಹತ್ತು ದಿನದಾಗ ಇಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು ಅಂತ ಕಾನೂನು ಅದ. ನಮ್ಮ ಆರ್.ಟಿ.ಓ.ದವರು ಒಂದು ವರ್ಷದ್ದು ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡ್ತಾರಲ್ಲ, ಅದನ್ನ ಇಲ್ಲಿ ಲೈಸೆನ್ಸ್ ಅಂತ ಹಿಡಿಯೂದಿಲ್ಲ. ನಮ್ಮ ಲೈಸೆನ್ಸಿನ ಅನುವಾದ ಅಂತ ಹಿಡೀತಾರ ಅಷ್ಟ. ನಮ್ಮಲ್ಲಿ ಎಷ್ಟ ವರ್ಷ ಗಾಡಿ ಹೊಡದಿದ್ರೂ ಇಲ್ಲಿ ಎರಡೂ ಪರೀಕ್ಷಾ ಕೊಡಬೇಕು. ಒಂದು ಬರವಣಿಗಿದು, ಇನ್ನೊಂದು ರಸ್ತೆದ್ದು.

ಅರ್ಜಿ ಹಾಕೂಮುಂದ ಹೆದರಿಕಿ ಆಗಿದ್ದು ಸೋಶಿಯಲ್ ಸೆಕ್ಯುರಿಟಿ ನಂಬರಿಂದು. ಎಲ್ಲಾರೂ ಅದನ್ನ ಕೇಳ್ತಾರ, ಎಚ್-4 ಇದ್ದವರಿಗೆ ಸುಮ್ನ ಅದನ್ನ ಕೊಡೂದಿಲ್ಲ. ಆದ್ರ ಅದು ಸಿಗಲಾರದವರು ಹಂಗಂತ ಬರದ್ರ ಲೈಸೆನ್ಸಿಗೆ ಅಡ್ಡಿ ಇಲ್ಲ. ಬೇಕಾದದ್ದು ಪಾಸ್‌ಪೋರ್ಟ್, ಐ-94 ಅನ್ನೂ ಕಾಗದ, ಇಲ್ಲೇ ಇರ್ತೀವಿ ಅನ್ನೂದಕ್ಕ ಮನಿ ಪುರಾವೆ. ಐ-94 ಅಂದ್ರ ನೀವು ಈ ದೇಶದಾಗ ಎಂದಿನ ತನಕ ಇರಬಹುದು ಅಂತ ತಾರೀಖು ಬರದ ಕಾಗದ. ಮೊದಲು ವಿಮಾನದಾಗ ಬಂದವರಿಗೂ ಪಾಸ್‌ಪೋರ್ಟಿನಾಗ ಚೀಟಿ ಹಚ್ಚಿ ಕೊಡ್ತಿದ್ರಂತ, 2013ರಿಂದ ಕಂಪ್ಯೂಟರಿನಾಗ ನಾವ ತಕ್ಕೊಬೇಕು. ಈ ಕಾಗದದ ಹೆಸರು ನೆನಪಿಟ್ಕೋರಿ, ಮುಂದ ಇದರ ಕಥಿ ಅದ.

ಬರವಣಿಗಿ ಪರೀಕ್ಷಾಕ್ಕ 36 ಪ್ರಶ್ನಿ, 30 ಸರಿ ಬರಬೇಕು. ಒಮ್ಮೆ ರೊಕ್ಕ ತುಂಬಿದ್ರ ಮೂರು ಸಲ ಕೂಡಬಹುದು. ಹಿಂದಿ, ಪಂಜಾಬಿ ಎಲ್ಲಾ ಇತ್ತು, ಕನ್ನಡ ಇದ್ದಿದ್ದಿಲ್ಲ. ನಾ ಇಂಗ್ಲಿಷಿನಾಗ ಕೊಟ್ಟೆ. ಡಿ.ಎಮ್.ವಿ.ದವರು ಪುಸ್ತಕ ಪುಕಟ ಕೊಡ್ತಾರ. ಪಿ.ಯು.ಸಿ. ಮುಗಿಸಿ ಇಪ್ಪತ್ತೈದು ವರ್ಷ ಆಗಿತ್ತು, ಪುಸ್ತಕ ಹಿಡದ್ರ ನಿದ್ದಿ ಬರ್ತಿತ್ತು. ಅದಕ್ಕ ಬಜಾರದ ಚೀಟಿ ಬರಿಯೂ ನೋಟಬುಕ್ಕಿನಾಗ ಒಂದೊಂದ ನಿಯಮ ಕನ್ನಡದಾಗ ಬರಕೊಂಡೆ. ಒಂದು ಮಗ್ಗಲಕ ತೊಗರಿಬ್ಯಾಳಿ, ಇನ್ನೊಂದು ಮಗ್ಗಲಕ ರಸ್ತೆ ನಿಯಮ.

ಬರಕೊಂಡದ್ದರಾಗ ನಾಕು ಇಲ್ಲಿ ಹೇಳ್ತೀನಿ. ರಸ್ತೆ ದಂಡಿ ಕಟ್ಟಿಗೆ ಬಣ್ಣ ಹೊಡದಿರ್ತಾರ. ಕೆಂಪು ಇದ್ರ ಗಾಡಿ ನಿಂದರಸೂ ಹಂಗ ಇಲ್ಲ. ಹಳದಿ ಇದ್ರ ಮಂದಿ, ಸಾಮಾನು ಹತ್ತಿಸಿ ಇಳಿಸೂ ತನಕ ಅಷ್ಟ. ಹಸರು ಇದ್ರ ಬರದಷ್ಟ ಹೊತ್ತು. ನೀಲಿ ಅಂಗವಿಕಲರಿಗೆ. ಬಿಳಿ ಇದ್ರ ಮಂದಿ ಹತ್ತಿಸಿ ಇಳಿಸಿ ಹೋಗಬೇಕು. ಇದು ನನಗ ತಲ್ಯಾಗ ನಿಲ್ಲವಲ್ದಾಗಿತ್ತು. ಕಡೀಕ ಕುಂಕುಮ ಇದ್ದಲ್ಲೆ ನಿಂದರಬಾರದು, ಅರಿಶಿಣ ಇದ್ದಲ್ಲೆ ಸಾಮಾನು ಇಳಸೂದು, ಹಸರು ಬಳಿ ಇದ್ದಲ್ಲೆ ಥೋಡೆ ಹೊತ್ತು ಕೂಡೂದು ಅಂತ ಮಾಡಿಕೊಂಡೆ. ಇವತ್ತಿಗೂ ಹಂಗ ನೆನಪದ.

ಎರಡನೇದು, ಏರಿನ ಮ್ಯಾಲ ಗಾಡಿ ನಿಲ್ಲಿಸಿದಾಗ ಮುಂದಿನ ಗಾಲಿ ಯಾವ ಕಡೆ ತಿರುವಬೇಕು ಅನ್ನೂದು. ಏರಿನಾಗ ಕಟ್ಟಿ ಇದ್ರ ರಸ್ತೆ ಕಡೆ, ಇಳಕಲಿನಾಗ ಕಟ್ಟಿ ಕಡೆ. ಕಟ್ಟಿ ಇಲ್ಲದಿದ್ರ ಎರಡಕ್ಕೂ ರಸ್ತೆ ದಂಡಿ ಕಡೆ. ಇವರು ಹಾಳಿ ಮ್ಯಾಲ ಚಿತ್ರ ತಗದು ತಿಳಿಸಿದ್ರು, ತಿಳೀಲಿಲ್ಲ. ಆಮ್ಯಾಲ ನಾನ ವಿಚಾರ ಮಾಡಿದೆ. ನಮ್ಮ ಅಜ್ಜನ ಊರಾಗ ಚಕ್ಕಡಿ ಬಿಟ್ಟಾಗ ಗಾಲಿಗೆ ಕಲ್ಲು ಇಡ್ತಿದ್ರಲ್ಲ, ಅದ ಇದು. ಗಾಡಿ ತಾನಾಗೇ ಉಳ್ಳಿದ್ರ ಗಾಲಿ ಹೋಗಿ ಕಟ್ಟಿಗೆ ತಾಗಿ ನಿಂದರಬೇಕು, ಇಲ್ಲಾಂದ್ರ ರಸ್ತೆ ಬಿಟ್ಟು ದಂಡಿಗೆ ಹೋಗಬೇಕು. ಚಕ್ಕಡಿ ನೋಡಿದವರಿಗೆ ಇದು ಎಂದೂ ತಪ್ಪೂದಿಲ್ಲ.

ಮೂರನೇದು, ನಾಕೂ ಕಡೆ ಸ್ಟಾಪ್ ಫಲಕ ಇದ್ದ ಚೌಕ. ಅಲ್ಲೆ ಪೋಲಿಸ ಇಲ್ಲ, ದೀಪ ಇಲ್ಲ. ಮೊದಲು ಬಂದು ನಿಂತವರು ಮೊದಲು ಹೋಗೂದು. ಇಬ್ಬರೂ ಕೂಡೆ ಬಂದ್ರ ಬಲಕ್ಕ ಇದ್ದವರಿಗೆ ದಾರಿ ಬಿಡಬೇಕು. ಸಾರ್ವಜನಿಕ ನಳದ ಮುಂದ ಕೊಡ ಇಟ್ಟು ಪಾಳಿ ಹಚ್ಚಿದ ನಮಗ ಇದು ಹೊಸಾದಲ್ಲ. ನಾಕನೇದು, ಶಾಲಿ ಬಸ್ಸು ಕೆಂಪು ದೀಪ ಮಿಣಕಸ್ತ ನಿಂತ್ರ ಹಿಂದಿನವರಷ್ಟ ಅಲ್ಲ, ಎದರಿನಿಂದ ಬರೂವರೂ ನಿಂದರಬೇಕು. ನಡುವ ಗೋಡಿ ಕಟ್ಟಿದಂಥಾ ದೊಡ್ಡ ರಸ್ತೆ ಇದ್ರ ಎದರಿನವರಿಗೆ ಬಿಡುವು. ಈ ನಿಯಮ ಓದಿದಾಗ ನನಗ ಈ ದೇಶದ ಮ್ಯಾಲ ಪ್ರೀತಿ ಬಂತು.

34 ಸರಿ ಬಂದು ಪಾಸಾದೆ. ಕಲಿಯೂ ಪರ್ಮಿಟ್ ಕೈಗೆ ಬಂತು.

ಇನ್ನ ಕಾರು ಕಲಿಯೂದು. ಮೊದಲನೇ ಎರಡು ರವಿವಾರ ಇವರ ಕಲಿಸಿದ್ರು. ಅಕ್ಕಂದಿರಾ, ನಿಮ್ಮ ಸಂಸಾರ ಛಲೋ ಇರಬೇಕಂದ್ರ ಗಂಡನ ಕಡೆ ಕಾರು ಕಲೀಲಿಕ್ಕೆ ಹೋಗಬ್ಯಾಡ್ರಿ. ನಾ ಬ್ರೇಕ್ ಒತ್ತೂದ್ರಾಗ ಇವರು ಖುರ್ಚಿ ಹಿಡಕೊಂಡು "ಹೋ ಹೋ" ಅನ್ನೂದು, ಎತ್ತಿಗೆ ಅಂದಂಗ. ಮೂರನೇ ರವಿವಾರ ನಾ ಕಲಿಸೂವರನ್ನ ಹುಡಕೊಂಡೆ. ಮೆಕ್ಸಿಕೋದಿಂದ ಬಂದ ಹೆಣ್ಮಗಳು, ನನ್ನ ವಾರಗಿ. ಆಕಿ ಕಾರಿನಾಗ ಆಕಿ ಕಡೇನೂ ಒಂದು ಬ್ರೇಕ್ ಇತ್ತು. ಆಕಿ ಇಂಗ್ಲಿಷೂ ನನ್ನಂಗ ತುಂಡು ತುಂಡು, ಹಿಂಗಾಗಿ ಇಬ್ಬರಿಗೂ ಛಲೋ ತಿಳೀತಿತ್ತು. ಮೂರು ಸಲ ಎರಡೆರಡು ತಾಸು ಕಲಿಸಿದ್ಲು. "ತಲಿ ಹೊಳ್ಳಿಸಿ ಹೆಗಲ ಮ್ಯಾಲಿಂದ ನೋಡು. ಕಣ್ಣಷ್ಟ ತಿರುವಿದ್ರ ಪರೀಕ್ಷಾ ತಗೊಳ್ಳಾವರಿಗೆ ಕಾಣೂದಿಲ್ಲ" ಅಂತ ದಿನಾ ಹೇಳ್ತಿದ್ಲು. ಆ ಮಾತು ಬಂಗಾರದಂಥಾದ್ದು.

ರಸ್ತೆ ಪರೀಕ್ಷಾಕ್ಕ ಕಾರು ನಾವ ಒಯ್ಯಬೇಕು, ಅದರ ವಿಮಾ ಕಾಗದ ತೋರಸಬೇಕು. ಹೊರಡೂಕಿಂತ ಮೊದಲು ಇಂಡಿಕೇಟರ್, ಹಾರ್ನ್, ಬ್ರೇಕ್ ದೀಪ ನೋಡ್ತಾರ. ಕೈಸನ್ನಿ ಕೇಳ್ತಾರ. ವೈಪರ್ ಎಲ್ಲದ, ಕೈಬ್ರೇಕ್ ಎಲ್ಲದ ತೋರಸು ಅಂತಾರ. ಆಮ್ಯಾಲ ಬಾಜೂಕ ಕೂತು ಊರು ಸುತ್ತಸ್ತಾರ. 15ರ ತನಕ ಸಣ್ಣ ತಪ್ಪು ನಡೀತಾವ, ಅಪಾಯದ ತಪ್ಪು ಒಂದಾದ್ರೂ ನಪಾಸ.

ಇವರದೂ ನಂದೂ ಒಂದ ವಾರದಾಗ ಪರೀಕ್ಷಾ. ಅಲ್ಲೀ ತನಕ ಇವರು ಆಫೀಸಿಗೆ ಗೆಳೆಯಾರ ಕಾರಿನಾಗ ಹೋಗ್ತಿದ್ರು. ಹುಬ್ಬಳ್ಳಿ, ಪುಣೆ ಎಲ್ಲಾ ಕಡೆ ಇಪ್ಪತ್ತು ವರ್ಷ ಕಾರು ಹೊಡದ ನಮ್ಮ ಮನಿಯವರು ಮೊದಲನೇ ಸಲ ನಪಾಸ ಆದ್ರು! ಇಲ್ಲಿ ಕಾರಿನಾಗ ಕೂಡೂದು ಎಡಕ್ಕ, ಹೋಗೂದು ರಸ್ತೆ ಬಲಕ್ಕ. ಇಂಡಿಕೇಟರಿನ ಕಡ್ಡಿನೂ ಅದಲು ಬದಲು. ಇವರು ತಿರುವಿನಾಗೊಮ್ಮೆ ರೂಢಿ ಮ್ಯಾಲ ಕಡ್ಡಿ ಎಳದು, ಸುಡುಬಿಸಲಿನಾಗ ವೈಪರ್ ಹಚ್ಚಿಕೊಂಡು ಹೋದ್ರಂತ. ಅದಕ್ಕ ಏನೂ ಅನ್ನಲಿಲ್ಲಂತ. ಸ್ಟಾಪ್ ಫಲಕದ ಮುಂದ ಪೂರ್ತಿ ನಿಂದ್ರಲಾರದ ಹಗೂರ ಉಳ್ಳಿಸಿಕೊಂಡು ಹೋದ್ರಲ್ಲ, ಅಲ್ಲೇ ಮುಗೀತು. ಮಜಾ ಅಂದ್ರ ಹಂಗ ಉಳ್ಳಿಸಿಕೊಂಡು ಹೋಗೂದಕ್ಕ ಈ ದೇಶದಾಗ "ಕ್ಯಾಲಿಫೋರ್ನಿಯಾ ಸ್ಟಾಪ್" ಅಂತನ ಹೆಸರದ!

ನಾ ಮಾತ್ರ ಜೀವನದಾಗ ಅದ ಮೊದಲು ಸ್ಟೇರಿಂಗ್ ಹಿಡದಾಕಿ. ಬಿಡಬೇಕಾದ ರೂಢಿ ಯಾವುದೂ ಇದ್ದಿದ್ದಿಲ್ಲ. ಕಲಿಸಿದಾಕಿ ಹೇಳಿದಂಗ ಸ್ಟಾಪ್ ಬಂದಲ್ಲೆ ಪೂರ್ತಿ ನಿಂತು, ಮನಸಿನಾಗ "ಒಂದು, ಎರಡು, ಮೂರು" ಅಂತ ಎಣಿಸಿ, ತಲಿ ಹೊಳ್ಳಿಸಿ ನೋಡಿ, ಹೊಂಟೆ. ಮೊದಲನೇ ಸಲಕ್ಕ ಪಾಸಾದೆ. ಅವತ್ತು ಸಂಜಿ ಇವರು ತಾವ ಹೋಗಿ ಪೇಢೆ ತಗೊಂಡು ಬಂದ್ರು. ಧಾರವಾಡದ್ದು ಅಲ್ಲ, ಆದ್ರೂ ರುಚಿ ಇತ್ತು. ಗೆಳೆಯಾಗ ಹೇಳಿ ಅವನ ಕಾರಿನಾಗ ಹೋಗಿ ತಂದಿದ್ರು ಅನ್ರಿ.

ಲೈಸೆನ್ಸ್ ಟಪಾಲಿನಾಗ ಮನಿಗೆ ಬಂತು. ನಾ ಒಬ್ಬಾಕಿನ ಮೊದಲು ಹೋಗಿದ್ದು ಜ್ವಾಳದ ಹಿಟ್ಟು ತರ್ಲಿಕ್ಕೆ. ಅಂಗಡಿ ಮುಂದ ಕಾರು ನಿಲ್ಲಿಸಿ ಒಂದೈದು ನಿಮಿಷ ಸುಮ್ನ ಕೂತಿದ್ದೆ. ಅವತ್ತು ರಾತ್ರಿ ಬಿಸಿ ಬಿಸಿ ರೊಟ್ಟಿ ಬಡಿಯೂಮುಂದ ಅನಸ್ತು, ಬಂದು ಎಂಟು ತಿಂಗಳ ಮ್ಯಾಲ ಇವತ್ತು ನನ್ನ ಮನಿ ನಾ ನಡಸಿದೆ ಅಂತ. ಆಮ್ಯಾಲ ಮಗಳ ಶಾಲಿ, ದವಾಖಾನಿ, ಭರತನಾಟ್ಯದ ಕ್ಲಾಸು, ಗುಡಿ ಎಲ್ಲಾ ನನ್ನ ಪಾಲಿಗೆ ಬಂದ್ವು. ಹೊಸದಾಗಿ ಬಂದ ಹುಡುಗ್ಯಾರನ್ನ ಅಂಗಡಿಗೆ ಕರಕೊಂಡು ಹೋಗೂದು, ಯಾರರ ಅತ್ತಿ-ಮಾವ ಬಂದ್ರ ಗುಡಿಗೆ ಬಿಟ್ಟು ಬರೂದು. ಆ ಕಾರ್ಡ್ ಬರೇ ಗಾಡಿ ಹೊಡೀಲಿಕ್ಕೆ ಅಂತಲ್ಲ. ಟಪಾಲ ಆಫೀಸು, ಔಷಧ ಅಂಗಡಿ, ವಿಮಾನ ನಿಲ್ದಾಣ, ಎಲ್ಲೇ "ಗುರ್ತಿನ ಕಾರ್ಡ್ ತೋರಸ್ರಿ" ಅಂದ್ರೂ ಅದನ್ನ ತೋರಸೂದು. ಅದಕ್ಕಿಂತ ಮೊದಲು ಪಾಸ್‌ಪೋರ್ಟ್ ಚೀಲದಾಗ ಇಟ್ಕೊಂಡು ಜೀವ ಕೈಯಾಗ ಹಿಡಕೊಂಡು ತಿರಗ್ತಿದ್ದೆ.

ಈಗ ತಾರೀಖಿನ ಮಾತು. ನಮ್ಮ ದೇಶದಾಗ ಲೈಸೆನ್ಸಿನ ಅವಧಿ ವಯಸ್ಸು ನೋಡಿ ಕೊಡ್ತಾರ. ಮೂವತ್ತರ ಒಳಗ ತಗೊಂಡ್ರ ನಲವತ್ತು ತುಂಬೂ ತನಕ, ಮೂವತ್ತರಿಂದ ಐವತ್ತರ ಒಳಗ ಹತ್ತು ವರ್ಷ, ಹಿಂಗ. ಕ್ಯಾಲಿಫೋರ್ನಿಯಾದಾಗ ಇಲ್ಲಿಯವರಿಗೆ ಸಾಧಾರಣ ಐದು ವರ್ಷ, ಅದೂ ಹುಟ್ಟಿದ ದಿನಕ್ಕ ಮುಗೀತದ. ನಮ್ಮಂಥ ವೀಸಾದವರಿಗೆ ಹಂಗಲ್ಲ. ನಮ್ಮ ಕಾರ್ಡ್ ಮುಗಿಯೂದು ಐ-94ರ ತಾರೀಖಿಗೆ. ನನ್ನ ಐ-94 ನಿಂತಿದ್ದು ಇವರ ನೌಕರಿ ಮ್ಯಾಲ. ಅಂದ್ರ ಓದಿದಾಕಿ ನಾನು, ಪಾಸಾದಾಕಿ ನಾನು, ಹೊಡಿಯೂಕಿ ನಾನು. ಆದ್ರ ಕಾರ್ಡಿನ ಮ್ಯಾಲಿನ ತಾರೀಖು ಇವರ ಕಂಪನಿ ಹಾಕಿದ ಅರ್ಜಿದು.

2016ರಾಗ ಮೊದಲನೇ ಸಲ ನವೀಕರಣ ಬಂತು. ಇವರ ವೀಸಾ ಮೂರು ವರ್ಷ ಮುಂದ ಹೋತು, ಅದರ ಬೆನ್ನಿಗೆ ನಂದೂ ಬಂತು. ಹೊಸಾ ಕಾಗದ ಒಯ್ದು ತೋರಿಸಿದೆ. ಕಣ್ಣಿನ ತಪಾಸಣಿ, ಹೆಬ್ಬಟ್ಟು, ಫೋಟೋ. ಮುಗೀತು. ಹಿಂಗ ಇರ್ತದ ಅಂತ ಆರಾಮ ಇದ್ವಿ.

2019ರ ಮಾರ್ಚಿನಿಂದ ಎಚ್-4ರವರೂ ಹೊಸಾ ಫಾರ್ಮ್ ತುಂಬಿ ಪ್ರತಿಯೊಬ್ಬರೂ ಬೆರಳಚ್ಚು ಕೊಡಬೇಕು ಅಂತ ನಿಯಮ ಬಂತು. ಇವರ ಅರ್ಜಿಗೆ ಹೆಚ್ಚಿನ ರೊಕ್ಕ ತುಂಬಿದ್ರ 15 ದಿನದಾಗ ಉತ್ತರ ಬರೂ ಸೌಲತ್ತಿತ್ತು. ಹೆಂಡತಿ-ಮಕ್ಕಳ ಅರ್ಜಿಗೆ ಆ ಸೌಲತ್ತು ಇಲ್ಲ. ಆಗಸ್ಟದಾಗ ಎಲ್ಲಾರದೂ ಕೂಡೇ ಹಾಕಿದ್ವಿ. ಇವರದು ಎರಡು ವಾರದಾಗ ಬಂತು. ನಂದು, ಮಗಳದು ಬರಲಿಲ್ಲ. ಬೆರಳಚ್ಚಿಗೆ ಕರದದ್ದ ಅಕ್ಟೋಬರದಾಗ. ನವೆಂಬರದಾಗ ನನ್ನ ಲೈಸೆನ್ಸ್ ಮುಗೀತು.

ಅರ್ಜಿ ಹಾಕಿದ ರಸೀದಿ ಇತ್ತು. ಅದರ ಮ್ಯಾಲ ದೇಶದಾಗ ಇರ್ಲಿಕ್ಕೆ ಅಡ್ಡಿ ಇಲ್ಲ. ಆದ್ರ ಲೈಸೆನ್ಸ್ ಕೊಡೂವರ ಕಂಪ್ಯೂಟರಿಗೆ ಹೊಸಾ ತಾರೀಖು ಬೇಕು, ಅದು ಇನ್ನೂ ಹುಟ್ಟೇ ಇದ್ದಿದ್ದಿಲ್ಲ. ಕೌಂಟರಿನ ಹುಡುಗಿ ಪಾಪ ಎರಡೆರಡು ಸಲ ನೋಡಿದ್ಲು. "ನಿಮ್ಮ ಗಂಡಂದು ಬಂದದ, ನಿಮ್ಮದು ಬಂದಿಲ್ಲ" ಅಂದ್ಲು. ಇವರು ಹೊಸಾ ಕಾರ್ಡಿಗೆ ಫೋಟೋ ತಗಸಿಕೊಂಡು ಬಂದ್ರು. ಹೋಗೂಮುಂದ ಕಾರು ನಾ ಹೊಡದಿದ್ದೆ, ಬರೂಮುಂದ ಇವರು ಹೊಡದ್ರು.

ಆ ಮೂರು ತಿಂಗಳು ಹೆಂಗ ಕಳದ್ವಿ ಅಂತ ಬರದ್ರ ಉದ್ದ ಆಗ್ತದ. ಇವರು ಮಗಳನ್ನ ಶಾಲಿಗೆ ಬಿಟ್ಟು ತಡಾ ಮಾಡಿ ಆಫೀಸಿಗೆ ಹೋಗೂದು. ನಾ ಗಾಲಿ ಚೀಲ ಎಳಕೊಂಡು ಮೈಲುಗಟ್ಟಲೆ ನಡದು ಸಾಮಾನು ತರೂದು. ಭರತನಾಟ್ಯದ ಕ್ಲಾಸು ಬಂದ್ ಆತು. ನಾ ಯಾರನ್ನ ಕರಕೊಂಡು ಹೋಗ್ತಿದ್ನೋ ಅವರ ಈಗ "ಅಕ್ಕಾ, ನಾವ ಬರ್ತೀವಿ ತಡೀರಿ" ಅಂತ ನನ್ನನ್ನ ಕರಕೊಂಡು ಹೋಗ್ಲಿಕ್ಕೆ ಹತ್ತಿದ್ರು. ಅದು ಸಮಾಧಾನ, ಅದ ಸಂಕಟ.

ಡಿಸೆಂಬರದ ಒಂದು ರಾತ್ರಿ ಮಾತ್ರ ಮರಿಯೂದಿಲ್ಲ. ಇವರು ಕೆಲಸದ ಮ್ಯಾಲ ಬ್ಯಾರೆ ಊರಿಗೆ ಹೋಗಿದ್ರು. ಮಗಳಿಗೆ ಜ್ವರ, 103 ದಾಟಿತ್ತು, ಒಂದ ಸವನ ವಾಂತಿ. ದವಾಖಾನಿಯವರು ಫೋನಿನಾಗ "ಈಗಿಂದೀಗ ಕರಕೊಂಡು ಬರ್ರಿ" ಅಂದ್ರು. ಕೀಲಿ ಗ್ವಾಡಿಗೆ ತೂಗಿತ್ತು. ಕಾರು ಗ್ಯಾರೇಜಿನಾಗ ನಿಂತಿತ್ತು. ದಾರಿ ಕಣ್ಣು ಮುಚ್ಚಿದ್ರೂ ಗೊತ್ತು. ಆದ್ರ ಹೊಡಿಯೂ ಹಂಗಿಲ್ಲ. ಲೈಸೆನ್ಸ್ ಇಲ್ಲದ ಹೊಡದು ಸಿಕ್ಕರ ಇಲ್ಲಿ ಅದು ಅಪರಾಧ ಅಂತ ದಾಖಲಾಗಬಹುದು. ವೀಸಾ ಅರ್ಜಿ ತೂಗಾಡಲಿಕ್ಕೆ ಹತ್ತಿದಾಗ ಹೆಸರಿನ ಮುಂದ ಅಂಥಾದ್ದೊಂದು ಕಪ್ಪು ಚುಕ್ಕಿ ಬಿದ್ರ ಮೂರೂ ಮಂದಿ ಭವಿಷ್ಯ ಹೋತು. ಅಪಘಾತ ಆದ್ರ ವಿಮಾದವರು ಏನಂತಾರೋ ಅದೂ ಒಂದು. ನಾ ಕೀಲಿ ಮುಟ್ಟಲಿಲ್ಲ. ಬಾಜೂ ಮನಿ ಗುಜರಾತಿ ಬೆನ್‌ಗೆ ಫೋನ್ ಮಾಡಿದೆ. ಆಕಿ ರಾತ್ರಿ ಅಂಗಿ ಮ್ಯಾಲನ ಸ್ವೆಟರ್ ಹಾಕ್ಕೊಂಡು ಹತ್ತು ನಿಮಿಷದಾಗ ಬಂದ್ಲು. ನಾ ಹಿಂದ ಮಗಳ ತಲಿ ತೊಡಿ ಮ್ಯಾಲ ಇಟ್ಕೊಂಡು ಕೂತೆ. ಮಗಳು ಕಣ್ಣು ತಗದು, "ಅಮ್ಮಾ, ನೀ ಯಾಕ ಹಿಂದ ಕೂತಿ?" ಅಂತ ಕೇಳಿದ್ಲು. ಜ್ವರದಾಗ ಆಕಿಗೆ ಎಲ್ಲಾ ಮರತಿತ್ತು. ಏನಂತ ಹೇಳಲಿ?

ದೇವರ ದಯಾ, ಎರಡು ದಿನದಾಗ ಆರಾಮ ಆದ್ಲು. ವೈನಿ, ನೀವು "ಇಕಿಗ್ಯಾಕ" ಅಂದ್ರಲ್ಲ, ಇಂಥಾ ರಾತ್ರಿಗೆ ಬೇಕು.

ನಮ್ಮ ಕಾಗದ ಬಂದದ್ದು 2020ರ ಫೆಬ್ರುವರಿ ಮೊದಲನೇ ವಾರ. ಮರುದಿನನ ಹೋಗಿ ಲೈಸೆನ್ಸಿಗೆ ಕೊಟ್ಟೆ. ಕೈಯಾಗ ತಾತ್ಪೂರ್ತಿಕ ಕಾಗದ ಕೊಟ್ರು, ಅದರ ಮ್ಯಾಲನ ಅವತ್ತು ಮನಿಗೆ ಕಾರು ಹೊಡಕೊಂಡು ಬಂದೆ. ಮುಂದಿನ ತಿಂಗಳು ಮಾರ್ಚ್ 19ಕ್ಕ ಕರೋನಾದಿಂದ ರಾಜ್ಯಕ್ಕ ರಾಜ್ಯನ ಮನ್ಯಾಗ ಕೂತಿತು. ಇನ್ನೊಂದು ತಿಂಗಳು ತಡಾ ಆಗಿದ್ರ ಏನಿತ್ತೋ. ಆ ಬೆರಳಚ್ಚಿನ ಪದ್ಧತಿನ 2021ರ ಮೇ ತಿಂಗಳದಾಗ ಎಚ್-4ರವರಿಗೆ ಕೈಬಿಟ್ರು. 2022ರ ನವೀಕರಣ ಕಾರ್ಡ್ ಮುಗಿಯೂದ್ರಾಗ ಆತು. ಆದ್ರ ನಿಯಮ ಮತ್ತ ಎಂದು ಬದಲಾಗ್ತದೋ ಯಾರು ಕಂಡಾರ? ಅದಕ್ಕ ನಾ ಈಗ ಹೆಂಗ ಇಟ್ಕೊಂಡೀನಿ ಅಂತ ಬರೀತೀನಿ, ನಿಮ್ಮ ಮನಿ ಹುಡುಗ್ಯಾರಿಗೆ ಉಪಯೋಗ ಆಗ್ತದ.

ಮೊದಲು, ನನ್ನ ಕಾಗದ ನನ್ನ ಕಡೆ. ಮದಲಿಗೆ ಎಲ್ಲಾ ಇವರ ಕಪಾಟಿನಾಗ ಇರ್ತಿತ್ತು. ಈಗ ನಂದು, ಮಗಳದು ಬ್ಯಾರೆ ಫೈಲು, ಅಡಗಿ ಮನಿ ಬಾಜೂಕ. ಒಳಗ ಪಾಸ್‌ಪೋರ್ಟ್, ವೀಸಾ ಮಂಜೂರಿ ಕಾಗದ, ಐ-94, ಮದುವಿ ಸರ್ಟಿಫಿಕೇಟು. ಮಂಜೂರಿ ಕಾಗದದ ಕೆಳಗ ಹೊಸಾ ಐ-94 ಅಚ್ಚಾಗಿರ್ತದ, ಅದನ್ನ ಹರದು ಎಲ್ಲೋ ಇಟ್ಟು ಕಳಕೋಬಾರದು.

ಎರಡನೇದು, ಪಾಸ್‌ಪೋರ್ಟಿನ ಅವಧಿ. ಇದು ಭಾಳ ಮಂದಿಗೆ ಗೊತ್ತಿರೂದಿಲ್ಲ. ಊರಿಗೆ ಬಂದು ತಿರಗಿ ಹೋದಾಗ, ವೀಸಾ ಇನ್ನೂ ಎರಡು ವರ್ಷ ಇದ್ರೂ ಪಾಸ್‌ಪೋರ್ಟ್ ಆರು ತಿಂಗಳಿಗೆ ಮುಗೀತಿದ್ರ, ಐ-94 ಪಾಸ್‌ಪೋರ್ಟ್ ಮುಗಿಯೂ ತಾರೀಖಿನ ತನಕ ಅಷ್ಟ ಕೊಡಬಹುದು. ಅದರ ಬೆನ್ನ ಹತ್ತಿ ಲೈಸೆನ್ಸೂ ಮೊಟಕಾಗ್ತದ. ಊರಿಗೆ ಬಂದಾಗ ಸೀರಿ ಬ್ಲೌಸು ಹೊಲಸೂಕಿಂತ ಮೊದಲು ಪಾಸ್‌ಪೋರ್ಟ್ ನೋಡ್ಕೋಬೇಕು. ವಿಮಾನ ಇಳದು ಮನಿಗೆ ಮುಟ್ಟಿದ ದಿನನ ಐ-94 ತಗದು ತಾರೀಖು ಓದಬೇಕು.

ಮೂರನೇದು, ಹೆಸರು. ಪಾಸ್‌ಪೋರ್ಟಿನಾಗ, ವೀಸಾದಾಗ, ಐ-94ರಾಗ ಒಂದ ನಮೂನಿ ಇರಬೇಕು. ಒಂದರಾಗ ಅಡ್ಡಹೆಸರು, ಇನ್ನೊಂದರಾಗ ಅಪ್ಪನ ಹೆಸರು ಇದ್ರ, ಕಂಪ್ಯೂಟರ್ ತಾಳಿ ನೋಡೂಮುಂದ ತೊಡಕಾಗ್ತದ. ಮದುವಿ ಆದ ಮ್ಯಾಲ ಹೆಸರು ಬದಲಸೂದಿದ್ರ ವೀಸಾಕ್ಕಿಂತ ಮೊದಲ ಬದಲಸ್ರಿ, ಇಲ್ಲಾ ಇದ್ದದ್ದ ಇರಲಿ ಬಿಡ್ರಿ.

ನಾಕನೇದು, ಆರು ತಿಂಗಳು. ಅವಧಿ ಮುಗಿಯೂಕಿಂತ ಆರು ತಿಂಗಳು ಮೊದಲ ವೀಸಾದ ಅರ್ಜಿ ಹಾಕಲಿಕ್ಕೆ ಬರ್ತದ. ಕಂಪನಿಯವರು ಕಡೀ ತಿಂಗಳ ತನಕ ಸುಮ್ನ ಕೂತಿರ್ತಾರ, ಯಾಕಂದ್ರ ಅವರ ನೌಕರಂದು ಲಗೂ ಆಗ್ತದ. ಮನಿಯಾಕಿದು ತಡಾ ಆಗ್ತದ ಅನ್ನೂದು ಅವರ ತಲ್ಯಾಗ ಇರೂದಿಲ್ಲ. ಅದನ್ನ ನೆನಪು ಮಾಡೂದು ನಮ್ಮ ಕೆಲಸ. ಅಡಗಿ ಮನಿ ಕ್ಯಾಲೆಂಡರಿನಾಗ ಏಕಾದಶಿ, ಸಂಕಷ್ಟಿ ಗುರ್ತು ಮಾಡಿದಂಗ ಆ ತಾರೀಖಿಗೂ ನಾ ಗುಂಡಿ ಸುತ್ತಿ ಇಡ್ತೀನಿ, ಮೇ ತಿಂಗಳು ಬಂತಂದ್ರ ದಿನಾ ಊಟಕ್ಕ ಬಡಸೂಮುಂದ ಇವರಿಗೆ ಕೇಳ್ತೀನಿ.

ಐದನೇದು, ಬಾಜೂ ಮನಿಯವರು. ಲೈಸೆನ್ಸ್ ಇದ್ದಾಗ ನಾಕು ಮಂದಿನ್ನ ಕರಕೊಂಡು ಹೋಗಿ ಬರ್ರಿ. ಇಲ್ಲದಾಗ ಅವರ ಬರ್ತಾರ. ಗುಜರಾತಿ ಬೆನ್‌ಗ ಅವತ್ತು ಫೋನ್ ಮಾಡಲಿಕ್ಕೆ ನನಗ ಸಂಕೋಚ ಆಗಲಿಲ್ಲ, ಯಾಕಂದ್ರ ಅದರ ಹಿಂದಿನ ವರ್ಷ ಆಕಿ ಕೈ ಮುರದಾಗ ಆರು ವಾರ ಆಕಿ ಮಕ್ಕಳನ್ನ ಶಾಲಿಗೆ ಬಿಟ್ಟಾಕಿ ನಾನು.

ನನ್ನ ಮಗಳಿಗೆ 2023ರಾಗ ಹದಿನಾರು ತುಂಬಿತು. ಇಲ್ಲಿ ಹದಿನೈದೂವರೆಗೆ ಪರ್ಮಿಟ್ ಕೊಡ್ತಾರ. ಆಮ್ಯಾಲ ಇಪ್ಪತ್ತೈದು ದಾಟಿದ ಲೈಸೆನ್ಸಿನವರು ಬಾಜೂಕ ಕೂತು 50 ತಾಸು ಹೊಡಸಬೇಕು, ಅದರಾಗ 10 ತಾಸು ರಾತ್ರಿ. ಆ 50 ತಾಸಿನಾಗ 42 ತಾಸು ನಾನ ಕೂತೆ. ಬ್ರೇಕು ನನ್ನ ಕಡೆ ಇದ್ದಿದ್ದಿಲ್ಲ, ಕಾಲು ಮಾತ್ರ ತಾನ ಒತ್ತತಿತ್ತು. "ಹೋ ಹೋ" ಅನ್ನಲಿಲ್ಲ. "ತಲಿ ಹೊಳ್ಳಿಸಿ ನೋಡು" ಅಂದೆ. ಪಾಸಾದ್ಲು. ಆಕಿ ಕಾರ್ಡೂ ಅದ ತಾರೀಖಿಗೆ ಮುಗೀತದ, ನನ್ನ ಕಾರ್ಡಿನ ತಾರೀಖಿಗೇನ. ಇಪ್ಪತ್ತೊಂದು ತುಂಬಿದ ಮ್ಯಾಲ ಅಪ್ಪನ ವೀಸಾದ ಆಸರ ಮಕ್ಕಳಿಗೆ ಇರೂದಿಲ್ಲ, ಆಕಿ ತನ್ನದ ಒಂದು ವೀಸಾ ನೋಡ್ಕೋಬೇಕು. ಅದಕ್ಕ ಈಗ ಆಕಿದೂ ಒಂದು ಫೈಲು ಬ್ಯಾರೆ ಮಾಡಿ ಆಕಿ ಕೈಯಾಗ ಕೊಟ್ಟೀನಿ. ಮ್ಯಾಲ ಹೆಸರು ಬರದು ಹಚ್ಚು ಅಂದ್ರ, ಕನ್ನಡದಾಗ ಬರದು ಹಚ್ಚ್ಯಾಳ. ಒತ್ತಕ್ಷರ ಒಂದು ತಪ್ಪೇದ, ತಿದ್ದಲಿಲ್ಲ.